ಉತ್ತರ ಕೊಡದ ಹೋಸ್ಟ್‌ಗಳನ್ನು ಬಿಟ್ಟು ಸ್ಕ್ಯಾನ್ ಮಾಡುವುದು ಹೇಗೆ?

"ರಾತ್ರಿ ಶುರು ಮಾಡಿದ ಸ್ಕ್ಯಾನ್ ಬೆಳಗ್ಗೆ ನೋಡಿದರೂ ಅರ್ಧದಲ್ಲೇ ಇದೆ, ಏನು ಮಾಡೋದು?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರ ನೆಟ್‌ವರ್ಕ್ ಸ್ಕ್ಯಾನರ್, ಅಂದರೆ ಜಾಲದಲ್ಲಿರುವ ಯಂತ್ರಗಳನ್ನು ಪರೀಕ್ಷಿಸುವ ತಂತ್ರಾಂಶ, ಬೇರೆ ಬೇರೆ ಇರುತ್ತದೆ, ಕಾರಣ ಮಾತ್ರ ಹೆಚ್ಚಾಗಿ ಒಂದೇ. ಯಾರೂ ಇಲ್ಲದ ವಿಳಾಸಗಳ ಬಾಗಿಲು ಬಡಿದು, ಉತ್ತರ ಬರುತ್ತದೇನೋ ಎಂದು ಸ್ಕ್ಯಾನರ್ ಕಾಯುತ್ತಾ ಕೂತಿರುತ್ತದೆ.

ಅಂಥ ವಿಳಾಸಗಳನ್ನು ಬಿಟ್ಟು ಮುಂದೆ ಹೋಗು ಎಂದು ಹೇಳುವುದು ಸುಲಭ, ಒಂದೆರಡು ಟಿಕ್ ಹಾಕಿದರೆ ಆಯಿತು. ಆದರೆ ಬಿಡಬಾರದ ಯಂತ್ರವೂ ಅದರ ಜೊತೆಗೇ ಬಿಟ್ಟುಹೋಗಬಹುದು. ವರದಿಯಲ್ಲಿ ಅದರ ಹೆಸರೇ ಬರದ ಕಾರಣ ನಿಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ವೇಗ ಹೆಚ್ಚಿಸುವುದರ ಜೊತೆಗೆ, ಯಾವುದನ್ನು ಬಿಟ್ಟೆವು ಎಂಬ ಲೆಕ್ಕ ಇಡುವುದನ್ನೂ ಇಲ್ಲಿ ಹೇಳುತ್ತೇನೆ. ಎರಡನ್ನೂ ಒಟ್ಟಿಗೇ ಮಾಡಿ.

ಉದಾಹರಣೆಗೆ ನೆಸ್ಸಸ್, ಓಪನ್‌ವಾಸ್ ಮತ್ತು ಎನ್‌ಮ್ಯಾಪ್ ತೆಗೆದುಕೊಂಡಿದ್ದೇನೆ. ಮೊದಲ ಎರಡು ವಲ್ನರಬಿಲಿಟಿ ಸ್ಕ್ಯಾನರ್‌ಗಳು, ಅಂದರೆ ಯಂತ್ರಗಳಲ್ಲಿರುವ ಭದ್ರತಾ ಲೋಪ ಹುಡುಕುವ ತಂತ್ರಾಂಶಗಳು. ಎನ್‌ಮ್ಯಾಪ್ ಯಾವ ಯಂತ್ರ ಇದೆ, ಅದರ ಯಾವ ಪೋರ್ಟ್ ತೆರೆದಿದೆ ಎಂದು ನೋಡುವ ಸಾಧನ. ಪೋರ್ಟ್ ಎಂದರೆ ಯಂತ್ರದ ಒಂದೊಂದು ಸೇವೆಗೂ ಇರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು. ಆಜ್ಞೆಗಳನ್ನು ಮತ್ತು ಮೆನುವಿನ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಮೊದಲು ಮೌನದ ವಿಷಯ

ಹೋಸ್ಟ್ ಎಂದರೆ ನೆಟ್‌ವರ್ಕ್‌ನಲ್ಲಿ ಒಂದು ಐಪಿ ವಿಳಾಸ ಪಡೆದು ಕೂತಿರುವ ಯಾವುದೇ ಯಂತ್ರ. ಸರ್ವರ್, ಲ್ಯಾಪ್‌ಟಾಪ್, ಪ್ರಿಂಟರ್, ಕ್ಯಾಮೆರಾ ಎಲ್ಲವೂ ಹೋಸ್ಟ್‌ಗಳೇ. ಸ್ಕ್ಯಾನರ್ ಒಂದು ಪೋರ್ಟ್ ತಟ್ಟಿದಾಗ ಯಂತ್ರ ಅಲ್ಲಿದ್ದು ಆ ಪೋರ್ಟ್ ಮುಚ್ಚಿದ್ದರೆ, "ಇಲ್ಲಿ ಏನೂ ಇಲ್ಲ" ಎಂದು ಒಂದು ರೀಸೆಟ್ ಪ್ಯಾಕೆಟ್ ತಕ್ಷಣ ವಾಪಸ್ ಬರುತ್ತದೆ. ಇದು ಒಳ್ಳೆಯ ಸುದ್ದಿ. ಇಲ್ಲ ಎಂದು ಹೇಳುವುದಕ್ಕಾದರೂ ಅಲ್ಲಿ ಯಾರೋ ಇದ್ದಾರೆ ಎಂದಾಯಿತು.

ತೊಂದರೆ ಇರುವುದು ಏನೂ ವಾಪಸ್ ಬರದಿದ್ದಾಗ. ಆ ವಿಳಾಸದಲ್ಲಿ ಯಂತ್ರವೇ ಇಲ್ಲದಿರಬಹುದು. ಅಥವಾ ಯಂತ್ರ ಇದ್ದು, ಅದರ ಫೈರ್‌ವಾಲ್ ನಿಮ್ಮ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಕಾಯುವ ಲೆಕ್ಕ ನೋಡಿ. ಒಂದು ಖಾಲಿ ವಿಳಾಸದ 1000 ಪೋರ್ಟ್‌ಗಳನ್ನು ತಟ್ಟಿ, ಪ್ರತಿಯೊಂದಕ್ಕೂ 1 ಸೆಕೆಂಡ್ ಕಾದು, ಮತ್ತೊಮ್ಮೆ ಪ್ರಯತ್ನಿಸಿದರೆ 2000 ಸೆಕೆಂಡ್ ಆಯಿತು. ಒಂದಾದ ಮೇಲೆ ಒಂದರಂತೆ ಮಾಡಿದರೆ ಅರ್ಧ ಗಂಟೆಗೂ ಜಾಸ್ತಿ. ಸ್ಕ್ಯಾನರ್‌ಗಳು ಒಟ್ಟಿಗೇ ಹಲವು ಪ್ಯಾಕೆಟ್ ಕಳಿಸುವುದರಿಂದ ನಿಜವಾಗಿ ಅಷ್ಟು ಹಿಡಿಯುವುದಿಲ್ಲ. ಆದರೂ /24 ಜಾಲದ 254 ವಿಳಾಸಗಳಲ್ಲಿ 200 ಖಾಲಿ ಇದ್ದರೆ ರಾತ್ರಿ ಎಲ್ಲಿ ಹೋಯಿತು ಎಂದು ಅರ್ಥ ಆಗುತ್ತದೆ ಅಲ್ವಾ?

ಹಂತ 1: ಒಪ್ಪಿಗೆ, ಪಟ್ಟಿ, ನಕ್ಷೆ

ನಿಮ್ಮದಲ್ಲದ ಜಾಲವನ್ನು ಸ್ಕ್ಯಾನ್ ಮಾಡಬೇಡಿ. ನಿಮ್ಮ ಸಂಸ್ಥೆಯದ್ದೇ ಆದರೂ ಬರಹದಲ್ಲಿ ಒಪ್ಪಿಗೆ ಇರಲಿ. ಅದರಲ್ಲಿ ವಿಳಾಸಗಳ ವ್ಯಾಪ್ತಿ ಮತ್ತು ಸಮಯ ಸ್ಪಷ್ಟವಾಗಿರಲಿ.

ಆಮೇಲೆ ಒಂದು ಸಣ್ಣ ಪಟ್ಟಿ ಮಾಡಿ. ಖಂಡಿತ ಇದೆ, ಖಂಡಿತ ಆನ್ ಇದೆ ಎಂದು ನಿಮಗೆ ಗೊತ್ತಿರುವ ಹತ್ತು ಹದಿನೈದು ಯಂತ್ರಗಳ ಪಟ್ಟಿ. ಬೇರೆ ಬೇರೆ ಬಗೆಯವು ಇರಲಿ: ಒಂದು ವಿಂಡೋಸ್ ಸರ್ವರ್, ಒಂದು ಲಿನಕ್ಸ್ ಸರ್ವರ್, ಒಂದು ಸ್ವಿಚ್, ಒಂದು ಡೇಟಾಬೇಸ್, ಒಂದು ಪ್ರಿಂಟರ್. ಇದನ್ನು ಅಳತೆಗೋಲು ಪಟ್ಟಿ ಎನ್ನೋಣ. ಮುಂದಿನ ಪ್ರತಿ ಹಂತದಲ್ಲೂ ಇದು ಬೇಕು.

ಸ್ಕ್ಯಾನರ್‌ಗೂ ಗುರಿಗೂ ನಡುವೆ ಯಾವ ಫೈರ್‌ವಾಲ್ ಇದೆ ಎಂದೂ ಕೇಳಿ ತಿಳಿದುಕೊಳ್ಳಿ.

ಹಂತ 2: ಲೋಪ ಹುಡುಕುವ ಮೊದಲು ಇರುವವರನ್ನು ಮಾತ್ರ ಎಣಿಸಿ

ಯಾವ ವಿಳಾಸ ಜೀವಂತ ಇದೆ ಎಂದು ನೋಡುವುದಕ್ಕೆ ಹೋಸ್ಟ್ ಡಿಸ್ಕವರಿ ಎನ್ನುತ್ತಾರೆ. ಇದನ್ನು ಬೇರೆಯಾಗಿ ಮೊದಲೇ ಮಾಡಿ. ಎನ್‌ಮ್ಯಾಪ್‌ನಲ್ಲಿ ಹೀಗೆ:

ಸುಡೊ ಎನ್‌ಮ್ಯಾಪ್ -ಎಸ್‌ಎನ್ -ಎನ್ --ರೀಸನ್ 192.168.10.0/24

ಮೂರೂ ಆಯ್ಕೆಗಳಲ್ಲಿ ಸಣ್ಣ ಅಕ್ಷರಗಳೇ. -ಎಸ್‌ಎನ್ ಅಂದರೆ ಪೋರ್ಟ್ ಸ್ಕ್ಯಾನ್ ಬೇಡ, ಇದೆಯೋ ಇಲ್ಲವೋ ಅಷ್ಟೇ ನೋಡು. -ಎನ್ ಅಂದರೆ ಹೆಸರು ಹುಡುಕಲು ಡಿಎನ್‌ಎಸ್ ಕೇಳಬೇಡ. --ರೀಸನ್ ಹಾಕಿದರೆ ಯಾವ ಆಧಾರದ ಮೇಲೆ ಜೀವಂತ ಎಂದು ತೀರ್ಮಾನಿಸಿತು ಎಂದೂ ಹೇಳುತ್ತದೆ. ಒಂದು ಸಾಲಿನಲ್ಲಿ "ಎಆರ್‌ಪಿ-ರೆಸ್ಪಾನ್ಸ್" ಇರುತ್ತದೆ, ಇನ್ನೊಂದರಲ್ಲಿ "ಎಕೋ-ರಿಪ್ಲೈ", ಮತ್ತೊಂದರಲ್ಲಿ "ರೀಸೆಟ್". ಈ ಪದಗಳನ್ನು ಗಮನವಿಟ್ಟು ಓದಿ. ನಿಮ್ಮ ಜಾಲ ಯಾವ ರೀತಿ ತಟ್ಟಿದರೆ ಬಾಗಿಲು ತೆಗೆಯುತ್ತದೆ ಎಂದು ಇವೇ ಹೇಳಿಕೊಡುತ್ತವೆ.

ಸುಡೊ ಯಾಕೆ? ಅಡ್ಮಿನ್ ಅಧಿಕಾರ ಇದ್ದರೆ ಎನ್‌ಮ್ಯಾಪ್ ನಾಲ್ಕು ರೀತಿ ತಟ್ಟುತ್ತದೆ: ಐಸಿಎಂಪಿ ಎಕೋ, ಅಂದರೆ ಮಾಮೂಲಿ ಪಿಂಗ್, 443ನೇ ಪೋರ್ಟ್‌ಗೆ ಸಿನ್, 80ನೇ ಪೋರ್ಟ್‌ಗೆ ಆ್ಯಕ್, ಮತ್ತು ಐಸಿಎಂಪಿ ಟೈಮ್‌ಸ್ಟಾಂಪ್. ಸಿನ್, ಆ್ಯಕ್ ಏನೆಂದು ಮುಂದಿನ ಹಂತದಲ್ಲಿ ಹೇಳುತ್ತೇನೆ. ಅಧಿಕಾರ ಇಲ್ಲದಿದ್ದರೆ 80 ಮತ್ತು 443ಕ್ಕೆ ಸಂಪರ್ಕ ಮಾಡಲು ನೋಡಿ ಸುಮ್ಮನಾಗುತ್ತದೆ. ಒಂದೇ ಆಜ್ಞೆಗೆ ಇಬ್ಬರಿಗೆ ಬೇರೆ ಬೇರೆ ಸಂಖ್ಯೆ ಬಂದರೆ ಮೊದಲು ಇದನ್ನೇ ನೋಡಿ.

ಸ್ಕ್ಯಾನರ್ ಮತ್ತು ಗುರಿ ಒಂದೇ ಸೆಗ್ಮೆಂಟ್‌ನಲ್ಲಿದ್ದರೆ, ಅಂದರೆ ನಡುವೆ ರೌಟರ್ ಇಲ್ಲದಿದ್ದರೆ, ಎನ್‌ಮ್ಯಾಪ್ ಎಆರ್‌ಪಿ ಬಳಸುತ್ತದೆ. "ಈ ಐಪಿ ಯಾರದು?" ಎಂದು ಸೆಗ್ಮೆಂಟ್‌ಗೆಲ್ಲ ಕೂಗಿ ಕೇಳುವ ವಿಧಾನ ಅದು. ಇದಕ್ಕಿಂತ ನಂಬಬಹುದಾದದ್ದು ಇನ್ನೊಂದಿಲ್ಲ. ಪಿಂಗ್‌ಗೆ ಉತ್ತರಿಸದ ಯಂತ್ರವೂ ಎಆರ್‌ಪಿಗೆ ಉತ್ತರಿಸುತ್ತದೆ, ಇಲ್ಲದಿದ್ದರೆ ಅದು ಅಕ್ಕಪಕ್ಕದವರ ಜೊತೆ ಮಾತಾಡಲಿಕ್ಕೇ ಆಗುವುದಿಲ್ಲ. ಎಆರ್‌ಪಿ ರೌಟರ್ ದಾಟುವುದಿಲ್ಲ. ಸಾಧ್ಯವಿದ್ದರೆ ಪ್ರತಿ ಮುಖ್ಯ ಸೆಗ್ಮೆಂಟ್ ಒಳಗೇ ಒಂದು ಸ್ಕ್ಯಾನರ್ ಇಡಿ. ಉಳಿದ ಎಲ್ಲ ಹೊಂದಾಣಿಕೆಗಿಂತ ಇದರಿಂದ ಸಿಗುವ ಲಾಭ ದೊಡ್ಡದು.

ಈಗ ಅಳತೆಗೋಲು ಪಟ್ಟಿ ತೆಗೆಯಿರಿ. ಅದರಲ್ಲಿರುವ ಎಲ್ಲ ಯಂತ್ರಗಳೂ ಫಲಿತಾಂಶದಲ್ಲಿ ಬಂದಿವೆಯೇ? ಒಂದು ಬರದಿದ್ದರೂ ಮುಂದೆ ಹೋಗಬೇಡಿ. ತಟ್ಟುವ ರೀತಿಯನ್ನು ಸರಿ ಮಾಡಬೇಕು.

ಹಂತ 3: ಯಾವ ಪೋರ್ಟ್ ತಟ್ಟಬೇಕು?

ಇಲ್ಲಿ ಸ್ವಲ್ಪ ಹೊತ್ತು ಕೊಡಿ. ಫಲಿತಾಂಶದ ಗುಣಮಟ್ಟ ನಿಲ್ಲುವುದು ಇದರ ಮೇಲೆ.

ಬರೀ ಪಿಂಗ್ ನಂಬಿದರೆ ಕೆಟ್ಟಿರಿ. ಎಷ್ಟೋ ವಿಂಡೋಸ್ ಯಂತ್ರಗಳ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸಲು ಬಿಡುವುದಿಲ್ಲ. ಅವುಗಳನ್ನು ಹಿಡಿಯಲು 135, 445 ಮತ್ತು 3389 ತಟ್ಟಿ. ಲಿನಕ್ಸ್ ಮತ್ತು ಸ್ವಿಚ್‌ಗಳಿಗೆ 22. ವೆಬ್‌ಗೆ 80 ಮತ್ತು 443 ಜೊತೆಗೆ 8080, 8443. ಮೇಲ್‌ಗೆ 25. ಡೇಟಾಬೇಸ್‌ಗಳಿಗೆ 1433, 1521, 3306, 5432. ಹಳೆಯ ಸ್ವಿಚ್ ಮತ್ತು ಯುಪಿಎಸ್‌ಗಳಿಗೆ ಯುಡಿಪಿ, ಅಂದರೆ ಮೊದಲೇ ಸಂಪರ್ಕ ಕಟ್ಟದೆ ಪ್ಯಾಕೆಟ್ ಕಳಿಸುವ ಪ್ರೋಟೋಕಾಲ್, ಅದರ 161 ತಟ್ಟಿ ನೋಡಬಹುದು. ಆ ಪೋರ್ಟ್ ಎಸ್‌ಎನ್‌ಎಂಪಿಯದು, ಅಂದರೆ ಸಾಧನಗಳ ಸ್ಥಿತಿ ಕೇಳುವ ಪ್ರೋಟೋಕಾಲ್‌ನದು. ಸರಿಯಾದ ಗುಪ್ತಪದ ಕೊಡದಿದ್ದರೆ ಅದು ಉತ್ತರಿಸದೇ ಇರಬಹುದು.

ನಾನು ಕೆಲಸ ಮಾಡಿದ ಒಂದು ಕಡೆ ಒಂದು ಡೇಟಾಬೇಸ್ ಸರ್ವರ್ ತಿಂಗಳುಗಟ್ಟಲೆ ವರದಿಗೇ ಬಂದಿರಲಿಲ್ಲ. ಅದರ ಫೈರ್‌ವಾಲ್ 1433 ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಸಾಡುತ್ತಿತ್ತು. ನಾವು ತಟ್ಟುತ್ತಿದ್ದ ಪಟ್ಟಿಯಲ್ಲಿ 1433 ಇರಲಿಲ್ಲ. ಅಷ್ಟೇ ಕಾರಣ.

ಸಿನ್ ಮತ್ತು ಆ್ಯಕ್ ಎರಡೂ ಯಾಕೆ ಬೇಕು ಎಂದು ಕೇಳುತ್ತಾರೆ. ಸಿನ್ ಅಂದರೆ "ಮಾತು ಶುರು ಮಾಡೋಣವೇ" ಎಂಬ ಪ್ಯಾಕೆಟ್. ಆ್ಯಕ್ ಅಂದರೆ ಈಗಾಗಲೇ ನಡೆಯುತ್ತಿರುವ ಮಾತಿನ ನಡುವೆ ಬರುವ ಪ್ಯಾಕೆಟ್. ಕೆಲವು ಸರಳ ಫಿಲ್ಟರ್‌ಗಳು ಹೊಸ ಸಿನ್ ತಡೆದು ಆ್ಯಕ್ ಬಿಡುತ್ತವೆ. ಸಂಪರ್ಕಗಳ ನೆನಪು ಇಟ್ಟುಕೊಳ್ಳುವ ಫೈರ್‌ವಾಲ್‌ಗಳು ಇದಕ್ಕೆ ತಿರುಗುಮುರುಗು: ತನಗೆ ಗೊತ್ತಿಲ್ಲದ ಆ್ಯಕ್ ಬಂದರೆ ಬಿಸಾಡುತ್ತವೆ, ಅನುಮತಿ ಇರುವ ಪೋರ್ಟ್‌ನ ಸಿನ್ ಬಿಡುತ್ತವೆ. ಎರಡೂ ಕಳಿಸಿದರೆ ಒಂದಾದರೂ ಒಳಗೆ ಹೋಗುವ ಸಾಧ್ಯತೆ ಹೆಚ್ಚು.

ಎನ್‌ಮ್ಯಾಪ್‌ನಲ್ಲಿ:

ಸುಡೊ ಎನ್‌ಮ್ಯಾಪ್ -ಎಸ್‌ಎನ್ -ಎನ್ -ಪಿಇ -ಪಿಎಸ್22,25,135,443,445,1433,3306,3389,8443 -ಪಿಎ80,443 -ಪಿಯು161 -ಒಎ ಜೀವಂತ 192.168.10.0/24

ಪಿಇ, ಪಿಎಸ್, ಪಿಎ, ಪಿಯು ನಾಲ್ಕರಲ್ಲೂ ಎರಡೂ ದೊಡ್ಡ ಅಕ್ಷರ. ಪೋರ್ಟ್ ಸಂಖ್ಯೆಗಳ ನಡುವೆ ಜಾಗ ಬಿಡಬೇಡಿ. -ಒಎ ಯಲ್ಲಿ ಒ ಸಣ್ಣದು, ಎ ದೊಡ್ಡದು. ಅದು ಫಲಿತಾಂಶವನ್ನು ಮೂರು ರೂಪದಲ್ಲಿ ಉಳಿಸುತ್ತದೆ, ಅದರ ಮುಂದಿರುವುದು ನೀವು ಕೊಡುವ ಫೈಲ್ ಹೆಸರು. ಅವುಗಳಲ್ಲಿ ಜಿ-ಎನ್‌ಮ್ಯಾಪ್ ಎಂದು ಕೊನೆಯಾಗುವ ಫೈಲ್ ತೆರೆಯಿರಿ. "ಸ್ಟೇಟಸ್: ಅಪ್" ಎಂದಿರುವ ಸಾಲುಗಳ ಎರಡನೇ ಕಾಲಮ್ ತೆಗೆದರೆ ಜೀವಂತ ವಿಳಾಸಗಳ ಪಟ್ಟಿ ಕೈಗೆ ಸಿಕ್ಕಿತು.

ಪಟ್ಟಿ ಉದ್ದ ಮಾಡುತ್ತಾ ಹೋಗಬೇಡಿ. ಖಾಲಿ ವಿಳಾಸಕ್ಕೆ ಇಪ್ಪತ್ತು ಪೋರ್ಟ್ ತಟ್ಟುವುದು ಪೂರ್ತಿ ಸ್ಕ್ಯಾನ್ ಮುಂದೆ ಏನೂ ಅಲ್ಲ. ಇನ್ನೂರಾದರೆ ಉಳಿಸಿದ ಸಮಯ ಇಲ್ಲೇ ಕರಗುತ್ತದೆ.

ಹಂತ 4: ನೆಸ್ಸಸ್‌ನಲ್ಲಿ ಹೊಂದಿಸುವುದು

ಅಡ್ವಾನ್ಸ್ಡ್ ಸ್ಕ್ಯಾನ್ ಟೆಂಪ್ಲೇಟ್ ತೆಗೆದುಕೊಳ್ಳಿ. ಬೇಸಿಕ್ ನೆಟ್‌ವರ್ಕ್ ಸ್ಕ್ಯಾನ್ ಬಳಸುವವರು ಡಿಸ್ಕವರಿಯಲ್ಲಿ ಸ್ಕ್ಯಾನ್ ಟೈಪನ್ನು ಕಸ್ಟಮ್ ಎಂದು ಬದಲಿಸಿ, ಇಲ್ಲದಿದ್ದರೆ ಈ ಆಯ್ಕೆಗಳು ಕಾಣುವುದೇ ಇಲ್ಲ.

ಡಿಸ್ಕವರಿಯ ಕೆಳಗೆ ಹೋಸ್ಟ್ ಡಿಸ್ಕವರಿಗೆ ಹೋಗಿ. "ಪಿಂಗ್ ದಿ ರಿಮೋಟ್ ಹೋಸ್ಟ್" ಆನ್ ಇರಬೇಕು. ಉತ್ತರಿಸದ ಹೋಸ್ಟ್‌ಗಳನ್ನು ಬಿಡುವ ಮುಖ್ಯ ಸ್ವಿಚ್ ಇದೇ. ಇದನ್ನು ಆಫ್ ಮಾಡಿದರೆ ಎಲ್ಲ ವಿಳಾಸಗಳೂ ಜೀವಂತ ಎಂದು ಅಂದುಕೊಂಡು ಸ್ಕ್ಯಾನರ್ ಒಂದೊಂದನ್ನೂ ಪೂರ್ತಿ ತಟ್ಟುತ್ತದೆ. ಎಂದೋ ಒಂದು ಮೊಂಡು ಸರ್ವರ್‌ಗಾಗಿ ಯಾರೋ ಇದನ್ನು ಆಫ್ ಮಾಡಿ, ಅದೇ ಪಾಲಿಸಿ, ಅಂದರೆ ಉಳಿಸಿಟ್ಟ ಹೊಂದಿಕೆ, ಎಲ್ಲ ಕಡೆ ನಕಲಾಗಿರುತ್ತದೆ. ಸ್ಕ್ಯಾನ್ ತುಂಬ ನಿಧಾನ ಎಂದಾಗ ನಾನು ಮೊದಲು ನೋಡುವುದು ಇದನ್ನೇ.

ಅದರ ಕೆಳಗೆ ಪಿಂಗ್ ವಿಧಾನಗಳಿವೆ. ಎಆರ್‌ಪಿ, ಟಿಸಿಪಿ (ಸಿನ್, ಆ್ಯಕ್ ಪ್ಯಾಕೆಟ್‌ಗಳು ಸೇರಿದ ಪ್ರೋಟೋಕಾಲ್), ಐಸಿಎಂಪಿ ಮೂರನ್ನೂ ಆನ್ ಮಾಡಿ. ಟಿಸಿಪಿಯ ಡೆಸ್ಟಿನೇಶನ್ ಪೋರ್ಟ್ಸ್ ಜಾಗದಲ್ಲಿ "ಬಿಲ್ಟ್-ಇನ್" ಎಂದಿರುತ್ತದೆ. ಮೂರನೇ ಹಂತದಲ್ಲಿ ಕಂಡುಕೊಂಡ ಟಿಸಿಪಿ ಪೋರ್ಟ್‌ಗಳನ್ನು ಅಲ್ಲಿ ಬರೆಯಿರಿ.

ಐಸಿಎಂಪಿ ಕೆಳಗೆ ಇನ್ನೊಂದು ಟಿಕ್ ಇದೆ: ಗೇಟ್‌ವೇಯಿಂದ "ತಲುಪಲಾಗದು" ಎಂಬ ಸಂದೇಶ ಬಂದರೆ ಹೋಸ್ಟ್ ಇಲ್ಲ ಎಂದು ತಿಳಿ, ಎಂಬ ಆಯ್ಕೆ. ವೇಗ ಸಿಗುತ್ತದೆ, ನಿಜ. ಆದರೆ ಕೆಲವು ಫೈರ್‌ವಾಲ್‌ಗಳು ಚೆನ್ನಾಗಿ ಬದುಕಿರುವ ಯಂತ್ರದ ಮುಚ್ಚಿದ ಪೋರ್ಟ್‌ಗೂ ಇದೇ ಸಂದೇಶ ಕಳಿಸುತ್ತವೆ. ನಡುವೆ ಫೈರ್‌ವಾಲ್ ಇದ್ದರೆ ಇದನ್ನು ಮುಟ್ಟಬೇಡಿ.

"ಯೂಸ್ ಫಾಸ್ಟ್ ನೆಟ್‌ವರ್ಕ್ ಡಿಸ್ಕವರಿ" ಎಂಬುದು ಹೆಸರು ಕೇಳಿದರೆ ಹಾಕಬೇಕು ಅನ್ನಿಸುತ್ತದೆ. ಅವಸರ ಬೇಡ. ಮಾಮೂಲಾಗಿ ಉತ್ತರ ಬಂದ ಮೇಲೆ ನೆಸ್ಸಸ್ ಇನ್ನೂ ಕೆಲವು ಪರೀಕ್ಷೆ ಮಾಡಿ, ಉತ್ತರಿಸಿದ್ದು ನಿಜವಾದ ಯಂತ್ರವೋ, ನಡುವಿನ ಪ್ರಾಕ್ಸಿ ಅಥವಾ ಲೋಡ್ ಬ್ಯಾಲೆನ್ಸರ್ರೋ ಎಂದು ಖಚಿತ ಮಾಡಿಕೊಳ್ಳುತ್ತದೆ. ಈ ಆಯ್ಕೆ ಹಾಕಿದರೆ ಆ ಪರೀಕ್ಷೆ ತಪ್ಪುತ್ತದೆ. ಆಗ ಖಾಲಿ ವಿಳಾಸಗಳೂ ಜೀವಂತ ಎಂದು ಕಾಣಬಹುದು. /24ರಲ್ಲಿ 254ಕ್ಕೆ 254 ಜೀವಂತ ಎಂದು ಬಂದರೆ ನಡುವಿನ ಸಾಧನವೊಂದು ಎಲ್ಲರ ಪರವಾಗಿ ಉತ್ತರಿಸುತ್ತಿದೆ ಎಂದು ಅನುಮಾನಿಸಿ.

ಹಂತ 5: ಓಪನ್‌ವಾಸ್‌ನಲ್ಲಿ

ನೆಸ್ಸಸ್‌ನ ಮೂಲ ಕೋಡ್ 2005ರಲ್ಲಿ ಮುಕ್ತವಾಗಿರುವುದು ನಿಂತ ಮೇಲೆ ಅದರ ಹಳೆಯ ಕೋಡ್‌ನಿಂದ ಕವಲೊಡೆದದ್ದು ಓಪನ್‌ವಾಸ್. ಇಲ್ಲಿ ಈ ಹೊಂದಿಕೆ ಇರುವುದು ಟಾರ್ಗೆಟ್‌ನಲ್ಲಿ. ಹೊಸ ಟಾರ್ಗೆಟ್ ಮಾಡುವಾಗ "ಅಲೈವ್ ಟೆಸ್ಟ್" ಎಂಬ ಜಾಗ ನೋಡಿ. ಐಸಿಎಂಪಿ, ಟಿಸಿಪಿ-ಆ್ಯಕ್, ಎಆರ್‌ಪಿ ಮೂರೂ ಸೇರಿದ ಆಯ್ಕೆ ಹೆಚ್ಚಿನ ಜಾಲಗಳಿಗೆ ಸರಿಹೋಗುತ್ತದೆ. ಫೈರ್‌ವಾಲ್ ಹಿಂದಿರುವ ಸರ್ವರ್‌ಗಳಿಗೆ ಟಿಸಿಪಿ-ಸಿನ್ ಇರುವ ಆಯ್ಕೆ ಕೊಡಿ. "ಕನ್ಸಿಡರ್ ಅಲೈವ್" ಅಂದರೆ ಎಲ್ಲವನ್ನೂ ಜೀವಂತ ಎಂದು ತಿಳಿ ಎಂದರ್ಥ. ದೊಡ್ಡ ವ್ಯಾಪ್ತಿಗೆ ಇದನ್ನು ಎಂದೂ ಕೊಡಬೇಡಿ. ಬಳಕೆಯಲ್ಲಿರುವ ಟಾರ್ಗೆಟ್ ತಿದ್ದುವ ಬದಲು ಅದರ ನಕಲು ಮಾಡಿ ತಿದ್ದಿದರೆ ಹಳೆಯ ಸ್ಕ್ಯಾನ್‌ಗಳೂ ಕೆಡುವುದಿಲ್ಲ.

ಹಂತ 6: ಸ್ಕ್ಯಾನ್ ನಡುವೆ ಮಾತು ನಿಲ್ಲಿಸುವ ಹೋಸ್ಟ್‌ಗಳು

ಇದು ಬೇರೆಯೇ ವಿಷಯ, ಓದುಗರು ಜಾಸ್ತಿ ಗೊಂದಲ ಮಾಡಿಕೊಳ್ಳುವುದೂ ಇಲ್ಲೇ. ಇಲ್ಲಿವರೆಗೆ ನೋಡಿದ್ದು ಮೊದಲಿನಿಂದಲೇ ಉತ್ತರಿಸದವರನ್ನು. ಈಗ ನೋಡುವುದು ಶುರುವಿನಲ್ಲಿ ಉತ್ತರಿಸಿ, ಮಧ್ಯದಲ್ಲಿ ಮಾಯವಾದವರನ್ನು. ಯಾರೋ ಲ್ಯಾಪ್‌ಟಾಪ್ ಮುಚ್ಚಿ ಹೊರಟಿರಬಹುದು, ಸರ್ವರ್ ರೀಸ್ಟಾರ್ಟ್ ಆಗುತ್ತಿರಬಹುದು.

ನೆಸ್ಸಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ "ಸ್ಟಾಪ್ ಸ್ಕ್ಯಾನಿಂಗ್ ಹೋಸ್ಟ್ಸ್ ದಟ್ ಬಿಕಮ್ ಅನ್‌ರೆಸ್ಪಾನ್ಸಿವ್ ಡ್ಯೂರಿಂಗ್ ದಿ ಸ್ಕ್ಯಾನ್" ಎಂಬ ಉದ್ದನೆಯ ಹೆಸರಿನ ಟಿಕ್ ಇದೆ. ಸಾಮಾನ್ಯವಾಗಿ ಆಫ್ ಇರುತ್ತದೆ. ಆನ್ ಮಾಡಿ. ಅಲ್ಲೇ ನೆಟ್‌ವರ್ಕ್ ಟೈಮ್‌ಔಟ್, ಅಂದರೆ ಒಂದು ಉತ್ತರಕ್ಕೆ ಕಾಯುವ ಸಮಯ, 5 ಸೆಕೆಂಡ್ ಎಂದಿರುತ್ತದೆ. ಒಳಜಾಲದಲ್ಲಿ ಅಷ್ಟು ಸಾಕು. ವಿಪಿಎನ್ ಮೂಲಕ ದೂರದ ಜಾಲ ನೋಡುತ್ತಿದ್ದರೆ ಹೆಚ್ಚಿಸಿ, ಇಲ್ಲವಾದರೆ ನಿಧಾನವಾಗಿ ಉತ್ತರಿಸುವವರನ್ನೂ ಸತ್ತವರ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ಎನ್‌ಮ್ಯಾಪ್‌ನಲ್ಲಿ ಇದಕ್ಕೆ --ಹೋಸ್ಟ್-ಟೈಮ್‌ಔಟ್ 30ಎಂ ಎಂದು ಕೊಡಬಹುದು, ಅಂದರೆ ಒಂದು ಹೋಸ್ಟ್‌ಗೆ 30 ನಿಮಿಷಕ್ಕಿಂತ ಹೆಚ್ಚು ಬೇಡ. ಒಂದು ಅಪಾಯ ನೆನಪಿರಲಿ. ಸಮಯ ಮೀರಿದ ಹೋಸ್ಟ್‌ನ ಪೋರ್ಟ್ ಪಟ್ಟಿಯನ್ನು ಎನ್‌ಮ್ಯಾಪ್ ತೋರಿಸುವುದೇ ಇಲ್ಲ. 29 ನಿಮಿಷದಲ್ಲಿ ಕಂಡುಹಿಡಿದದ್ದೂ ಹೋಯಿತು. ನೀವು ಮಿತಿ ಕೊಡದೆ ಅತಿ ವೇಗದ -ಟಿ5 ಕೊಟ್ಟರೆ 15 ನಿಮಿಷದ ಮಿತಿ ನಿಮಗೆ ಹೇಳದೆ ತಾನೇ ಬರುತ್ತದೆ, ಮರುಪ್ರಯತ್ನಗಳೂ 2ಕ್ಕೆ ಇಳಿಯುತ್ತವೆ. ನನ್ನ ಸಲಹೆ -ಟಿ4. ಅದರಲ್ಲಿ ಮರುಪ್ರಯತ್ನ 6 ಇದೆ, ಹೋಸ್ಟ್‌ಗೆ ಸಮಯದ ಮಿತಿ ಇಲ್ಲ.

ನಡುವೆ ನಿಂತ ಹೋಸ್ಟ್‌ಗಳನ್ನು ಹಾಗೇ ಬಿಟ್ಟುಬಿಡಬೇಡಿ. ಯಾವ ಗಂಟೆಗೆ ನಿಂತವು ಎಂದು ನೋಡಿ. ಒಂದೇ ಯಂತ್ರ ಪ್ರತಿ ಸಲ ನಿಲ್ಲುತ್ತಿದ್ದರೆ ನಿಮ್ಮ ಸ್ಕ್ಯಾನೇ ಅದನ್ನು ಬೀಳಿಸುತ್ತಿರಬಹುದು. ಅದರ ಮಾಲೀಕರಿಗೆ ಅಂದೇ ಫೋನ್ ಮಾಡಿ. ಹಳೆಯ ಪ್ರಿಂಟರ್, ಕಾರ್ಖಾನೆಯ ನಿಯಂತ್ರಣ ಸಾಧನಗಳಿಗೆ ಹೀಗಾಗುವುದು ಹೊಸದೇನಲ್ಲ. ನೆಸ್ಸಸ್‌ನಲ್ಲಿ "ಫ್ರಜೈಲ್ ಡಿವೈಸಸ್" ಎಂಬ ಪ್ರತ್ಯೇಕ ಭಾಗ ಇರುವುದು ಇದಕ್ಕಾಗಿಯೇ. ಐವತ್ತು ಹೋಸ್ಟ್‌ಗಳು ಒಂದೇ ನಿಮಿಷದಲ್ಲಿ ಮೌನವಾದರೆ ಯಂತ್ರಗಳನ್ನು ಅನುಮಾನಿಸಬೇಡಿ. ದಾಳಿ ತಡೆಯುವ ವ್ಯವಸ್ಥೆ ನಿಮ್ಮ ಸ್ಕ್ಯಾನರ್‌ನ ವಿಳಾಸವನ್ನೇ ತಡೆದಿರಬೇಕು, ಅಥವಾ ನಡುವಿನ ಫೈರ್‌ವಾಲ್‌ನ ಸಂಪರ್ಕ ಪಟ್ಟಿ ತುಂಬಿರಬೇಕು. ಮೊದಲನೆಯದಕ್ಕೆ ಸ್ಕ್ಯಾನರ್ ವಿಳಾಸಕ್ಕೆ ವಿನಾಯಿತಿ ಕೇಳಿ. ಎರಡನೆಯದಕ್ಕೆ ಒಟ್ಟಿಗೇ ಸ್ಕ್ಯಾನ್ ಆಗುವ ಹೋಸ್ಟ್‌ಗಳ ಸಂಖ್ಯೆ ಇಳಿಸಿ.

ಹಂತ 7: ಬಿಟ್ಟವರ ಲೆಕ್ಕ

ಪೂರ್ತಿ ವ್ಯಾಪ್ತಿಯಿಂದ ಜೀವಂತ ಪಟ್ಟಿ ಕಳೆದರೆ ಉಳಿಯುವುದು ಬಿಟ್ಟವರ ಪಟ್ಟಿ. ನೆಸ್ಸಸ್‌ನಲ್ಲಿ ತಲುಪದ ಹೋಸ್ಟ್‌ಗಳನ್ನೂ ವರದಿಯಲ್ಲಿ ತೋರಿಸುವ ಆಯ್ಕೆ ಇದೆ. ಸಣ್ಣ ವ್ಯಾಪ್ತಿಗೆ ಅದು ಸರಿ, ದೊಡ್ಡದಕ್ಕೆ ಹಾಕಿದರೆ ವರದಿ ತುಂಬಾ ಸತ್ತ ವಿಳಾಸಗಳೇ ತುಂಬಿಕೊಳ್ಳುತ್ತವೆ. ಆಗ ಪಟ್ಟಿ ಬೇರೆಯಾಗಿ ಇಡುವುದು ಮೇಲು.

ಈ ಪಟ್ಟಿಯನ್ನು ಬೇರೆ ಮೂಲಗಳ ಜೊತೆ ಹೋಲಿಸಿ. ಡಿಎಚ್‌ಸಿಪಿ ಸರ್ವರ್, ಅಂದರೆ ಐಪಿ ಹಂಚುವ ಸರ್ವರ್, ಸದ್ಯ ಯಾರಿಗೆ ವಿಳಾಸ ಕೊಟ್ಟಿದೆ? ರೌಟರ್‌ನ ಎಆರ್‌ಪಿ ಪಟ್ಟಿಯಲ್ಲಿ ಯಾರಿದ್ದಾರೆ? ಡಿಎನ್‌ಎಸ್‌ನಲ್ಲಿ ಹೆಸರು ಇರುವುದು ಯಾವುದಕ್ಕೆ? ಸ್ಕ್ಯಾನರ್ ಇಲ್ಲ ಎಂದ ವಿಳಾಸ ರೌಟರ್‌ನ ಎಆರ್‌ಪಿ ಪಟ್ಟಿಯಲ್ಲಿ ಇದ್ದರೆ, ಬಾಗಿಲು ತೆಗೆಯದ ಯಂತ್ರ ಸಿಕ್ಕಿತು ಎಂದೇ ಲೆಕ್ಕ.

ಹಾಗೆ ಸಿಕ್ಕವನ್ನು ಮಾತ್ರ ಎರಡನೇ ಸುತ್ತಿನಲ್ಲಿ, ಪಿಂಗ್ ಇಲ್ಲದೆ ಸ್ಕ್ಯಾನ್ ಮಾಡಿ. ಎನ್‌ಮ್ಯಾಪ್‌ನಲ್ಲಿ -ಪಿಎನ್, ಪಿ ದೊಡ್ಡದು, ಎನ್ ಸಣ್ಣದು. ನೆಸ್ಸಸ್‌ನಲ್ಲಿ ಪಿಂಗ್ ಆಫ್ ಮಾಡಿದ ಪ್ರತ್ಯೇಕ ಪಾಲಿಸಿ, ಓಪನ್‌ವಾಸ್‌ನಲ್ಲಿ ಕನ್ಸಿಡರ್ ಅಲೈವ್ ಇರುವ ಪ್ರತ್ಯೇಕ ಟಾರ್ಗೆಟ್. ಹತ್ತಿಪ್ಪತ್ತು ವಿಳಾಸ ಆದ್ದರಿಂದ ನಿಧಾನವಾದರೂ ತೊಂದರೆ ಇಲ್ಲ. ಪಾಲಿಸಿಯ ಹೆಸರಿನಲ್ಲೇ "ಪಿಂಗ್ ಇಲ್ಲ" ಎಂದು ಸೇರಿಸಿ, ಮುಂದೆ ಯಾರೂ ಅದನ್ನು ಇಡೀ ಜಾಲಕ್ಕೆ ಹಾಕುವುದಿಲ್ಲ.

ರಾತ್ರಿ ಆಫ್ ಆಗುವ ಲ್ಯಾಪ್‌ಟಾಪ್‌ಗಳಿಗೆ ಯಾವ ಪೋರ್ಟ್ ತಟ್ಟಿದರೂ ಪ್ರಯೋಜನ ಇಲ್ಲ. ಅವುಗಳಿಗೆ ಹಗಲಿನಲ್ಲಿ ಬೇರೆ ಸ್ಕ್ಯಾನ್ ಇಡಿ, ಇಲ್ಲವೇ ಯಂತ್ರದೊಳಗೇ ಕೂತು ಪರೀಕ್ಷಿಸುವ ಏಜೆಂಟ್ ಹಾಕಿ. ಐಪಿವಿ6 ಜಾಲ ಇದ್ದರೆ ತಟ್ಟಿ ನೋಡುವ ಆಲೋಚನೆಯನ್ನೇ ಬಿಡಿ. ಒಂದು /64ರಲ್ಲಿ 2ರ 64ನೇ ಘಾತದಷ್ಟು ವಿಳಾಸಗಳಿವೆ. ಅಲ್ಲಿ ಡಿಎನ್‌ಎಸ್ ಮತ್ತು ರೌಟರ್‌ಗಳಿಂದ ಪಟ್ಟಿ ತೆಗೆದೇ ಕೆಲಸ ಮಾಡಬೇಕು.

ಇನ್ನು ಜೀವಂತ ಪಟ್ಟಿಯನ್ನು ಒಮ್ಮೆ ಮಾಡಿ ತಿಂಗಳುಗಟ್ಟಲೆ ಅದನ್ನೇ ಬಳಸುವವರಿದ್ದಾರೆ. ನಿನ್ನೆ ಜಾಲಕ್ಕೆ ಸೇರಿದ ಯಂತ್ರ ಅದರಲ್ಲಿ ಇರುವುದಿಲ್ಲ, ಲೋಪ ಜಾಸ್ತಿ ಇರುವುದೂ ಹೆಚ್ಚಾಗಿ ಅಂಥದ್ದರಲ್ಲೇ. ಪ್ರತಿ ಸ್ಕ್ಯಾನ್‌ಗೂ ಮುನ್ನ ಎರಡು ಮತ್ತು ಮೂರನೇ ಹಂತ ಹೊಸದಾಗಿ ಓಡಿಸಿ. ವರದಿಯ ಮೊದಲ ಪುಟದಲ್ಲಿ ಮೂರು ಸಂಖ್ಯೆ ಬರೆಯಿರಿ: ಒಟ್ಟು ವಿಳಾಸ ಎಷ್ಟು, ಪೂರ್ತಿ ಸ್ಕ್ಯಾನ್ ಆದದ್ದು ಎಷ್ಟು, ಬಿಟ್ಟದ್ದು ಎಷ್ಟು. ಮೂರನೆಯ ಸಂಖ್ಯೆ ಹಿಂದಿನ ಸಲಕ್ಕಿಂತ ಒಮ್ಮೆಲೇ ಏರಿದ್ದರೆ, ಲೋಪಗಳ ಪಟ್ಟಿ ಓದುವುದಕ್ಕೂ ಮೊದಲು ಅದರ ಕಾರಣ ಹುಡುಕಿ.